ಎಂಜಿನ್ ನಿಂತರೆ ಎಲ್ಲಿ ಇಳಿಸ್ತೀ?

ತಿರುವನಂತಪುರದ ಮೇಲೆ ಮೊದಲ ಸಲ ಹಾರಿದ ದಿನ ಕೆಳಗೆ ನೋಡಿ ಹೆದರಿದೆ. ಎತ್ತರಕ್ಕೆ ಹೆದರುವ ಪೈಕಿ ನಾನಲ್ಲ; ಚಿಕ್ಕ ವಿಮಾನದಲ್ಲಿ ಕೂರುವುದು ನನಗೆ ಚಿಕ್ಕಂದಿನಿಂದಲೂ ಟಂಟಂ ಗಾಡಿಯಲ್ಲಿ ಕೂತಷ್ಟೇ ಮಾಮೂಲು. ಹೆದರಿದ್ದು ಕೆಳಗೆ ಬಯಲೇ ಇಲ್ಲದ್ದಕ್ಕೆ. ತೆಂಗಿನ ತಲೆಗಳು, ಅವುಗಳ ನಡುವೆ ಹೆಂಚಿನ ಮನೆಗಳು, ಮನೆಗಳ ಹಿಂದೆ ಮತ್ತೆ ತೆಂಗು, ಅದು ಮುಗಿದರೆ ಸಮುದ್ರ. ಒಂದು ಊರು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎನ್ನುವುದೇ ತಿಳಿಯುತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ತರಬೇತುದಾರರು, ಈಗ ಎಂಜಿನ್ ನಿಂತರೆ ಎಲ್ಲಿ ಇಳಿಸುತ್ತೀಯ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮಾತು ಬಂದಾಗಿನಿಂದ ನಾನು ಉತ್ತರ ಕೊಡುತ್ತ ಬಂದ ಪ್ರಶ್ನೆ ಅದು. ಅವತ್ತು ಮೊದಲ ಸಲ ನನ್ನ ಬಳಿ ಉತ್ತರವಿರಲಿಲ್ಲ.

ಆ ಪ್ರಶ್ನೆ ನಮ್ಮ ಮನೆಯದು. ಸಿಂಧನೂರಿನ ಕಡೆಯ ಎರೆ ಹೊಲಗಳ ಮೇಲೆ, ಹತ್ತಿಗೆ ಹುಳ ಬಿದ್ದಾಗ, ನಮ್ಮ ಅಜ್ಜ ವಿಮಾನದಿಂದ ಔಷಧಿ ಹೊಡೆಯುತ್ತಿದ್ದರು. ಅಪ್ಪ ಒಂದು ಕಾರ್ಖಾನೆಯ ನಾಲ್ಕು ಸೀಟಿನ ವಿಮಾನ ಓಡಿಸಿದರು. ಗಣಿಯ ಮಗ್ಗುಲಲ್ಲೋ ಹೊಲದ ಅಂಚಿನಲ್ಲೋ ಗರಸು ಮಣ್ಣು ಹಾಕಿ ಬಡಿದ ರನ್‌ವೇ ಪಟ್ಟಿ ಎಲ್ಲಿದೆಯೋ ಅಲ್ಲಿ ಇಳಿಸುವುದು ಅವರ ಕೆಲಸ. ಅಣ್ಣ ಈಗ ಆಫ್ರಿಕಾದ ಕಾಡಿನ ಹಳ್ಳಿಗಳಿಗೆ ಅಕ್ಕಿ, ಔಷಧಿ, ಒಮ್ಮೊಮ್ಮೆ ತುಂಬು ಬಸುರಿಯರನ್ನೂ ಹೊತ್ತೊಯ್ಯುತ್ತಾನೆ. ಹೀಗಿರುವಾಗ ನಾನೇನಾಗಬೇಕೆಂದು ಯಾರೂ ನನ್ನನ್ನು ಕೇಳಲಿಲ್ಲ. ಬಸ್ಸಿನಲ್ಲಿ ಹೋಗುವಾಗಲೂ ಅಪ್ಪ, "ಸುಮಾ, ಈಗ ಎಂಜಿನ್ ನಿಂತ್ರ ಎಲ್ಲಿ ಇಳಸ್ತಿ?" ಅನ್ನುತ್ತಿದ್ದರು. ನಾನು ಕಿಟಕಿಯಿಂದ ಬೆರಳು ಚಾಚಿ, "ಆ ಕಡ್ಲಿ ಹೊಲದಾಗ, ಗಾಳಿಗೆ ಎದುರಾಗಿ" ಅನ್ನುತ್ತಿದ್ದೆ. ನಮ್ಮ ಸೀಮೆಯಲ್ಲಿ ಅದು ಕಷ್ಟದ ಲೆಕ್ಕವೇ ಅಲ್ಲ. ಕಣ್ಣು ಹಾಯಿಸಿದಲ್ಲೆಲ್ಲ ಬಯಲು.

ಇನ್ನೊಂದು ಪದ್ಧತಿಯಿತ್ತು. ಹಾರುವ ಮೊದಲು ಅಪ್ಪ ಆ ಗರಸಿನ ಪಟ್ಟಿಯನ್ನು ಈ ತುದಿಯಿಂದ ಆ ತುದಿಯವರೆಗೆ ನಡೆದೇ ನೋಡುತ್ತಿದ್ದರು. ಕೈ ಹಿಂದೆ ಕಟ್ಟಿ, ತಲೆ ತಗ್ಗಿಸಿ, ಕಲ್ಲು ಕಂಡರೆ ಬೂಟಿನ ತುದಿಯಿಂದ ಬದಿಗೆ ತಳ್ಳುತ್ತ. ಅವರ ಹಿಂದೆ ಅಣ್ಣ, ಅಣ್ಣನ ಹಿಂದೆ ನಾನು, ಆಡುಗಳನ್ನು ಓಡಿಸುತ್ತ. ಕಾರ್ಖಾನೆಯ ಸಾಹೇಬರು ಗಡಿಯಾರ ನೋಡಿಕೊಂಡರೂ ಅಪ್ಪ ಅವಸರ ಮಾಡುತ್ತಿರಲಿಲ್ಲ. ನೆಲ ನಡೆದು ನೋಡದೆ ಏರಬಾರದು ಎಂಬುದು ಅಜ್ಜ ಹಾಕಿಕೊಟ್ಟ ಕಟ್ಟಳೆ.

ಹೀಗೆ ಹಾರುವುದನ್ನು ಕಲಿಯಲೆಂದು ತಿರುವನಂತಪುರಕ್ಕೆ ಬಂದೆ. ಕಳಕ್ಕೂಟಂನಲ್ಲಿ ಹುಡುಗಿಯರ ಹಾಸ್ಟೆಲ್ ಹಿಡಿದೆ. ಅಲ್ಲಿದ್ದವರೆಲ್ಲ ಐಟಿ ಪಾರ್ಕಿನವರು. ಬೆಳಿಗ್ಗೆ ಕೊರಳಿಗೆ ಕಾರ್ಡು ಹಾಕಿಕೊಂಡು ಹೋಗಿ ಸಂಜೆ ಸುಸ್ತಾಗಿ ಬರುವವರು. ಅವರ ನಡುವೆ ಪೆಟ್ರೋಲು ವಾಸನೆಯ ಅಂಗಿ ತೊಟ್ಟು ಬರುತ್ತಿದ್ದವಳು ನಾನೊಬ್ಬಳೇ. ಊಟಕ್ಕೆ ಕುಳಿತರೆ ಕೆಂಪಗೆ ದಪ್ಪಗಿನ ಕುಚಲಕ್ಕಿ ಅನ್ನ, ಒಂದೊಂದು ಅಗುಳೂ ನನ್ನನ್ನೇ ದುರುಗುಟ್ಟಿ ನೋಡಿದ ಹಾಗೆ. ಜೋಳದ ರೊಟ್ಟಿ, ಎಣ್ಣೆಗಾಯಿ ನೆನೆದು ಒಂದೆರಡು ಸಲ ಅತ್ತದ್ದೂ ಉಂಟು. ನಾಚಿಕೆಯೇನಿಲ್ಲ, ಹಸಿವಿಗೆ ಅತ್ತದ್ದು.

ಕೋಣೆಯ ಜೊತೆಗಾತಿ ಶೈಲಜಾ ಕಾಸರಗೋಡಿನವಳು, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕೆಲಸ. ಅವಳ ಕನ್ನಡ ಕೇಳಿ ನನಗೆ ನಗು, ನನ್ನದು ಕೇಳಿ ಅವಳಿಗೆ. ಮಲಯಾಳ ಕಲಿಸಿದವಳು ಅವಳೇ. ಅಂಗಡಿಯವನನ್ನು 'ಚೇಟ್ಟಾ' ಅನ್ನು, ಅಂದರೆ ಅಣ್ಣ. ಬಸ್ಸಿನ ಹೆಂಗಸನ್ನು 'ಚೇಚ್ಚಿ' ಅನ್ನು, ಅಂದರೆ ಅಕ್ಕ. ಇವೆರಡು ಬಂದರೆ ಅರ್ಧ ಕೇರಳ ನಿನ್ನದು ಎಂದಳು. ಒಂದು ಸಂಜೆ ನನ್ನ ಮುಖ ನೋಡಿ, "ನಿನಗೆ ಎಂತ ಆದದ್ದು? ಇವತ್ತು ಒಬ್ಬಳೇ ವಿಮಾನ ಬಿಟ್ಟೆ ಅಂತ ಹೇಳ್ತಿ, ಖುಷಿಯೇ ಇಲ್ವಲ್ಲ" ಎಂದಳು.

ನಿಜ. ಅವತ್ತು ಒಬ್ಬಳೇ ಏರಿ, ಒಂದು ಸುತ್ತು ಹಾಕಿ, ಚೆನ್ನಾಗಿಯೇ ಇಳಿಸಿದ್ದೆ. ಅಣ್ಣ ತಾನು ಒಬ್ಬನೇ ಹಾರಿದ ದಿನ ವಾರವಿಡೀ ಅದನ್ನೇ ಹೇಳಿದ್ದ. ನನಗೆ ಮಾತ್ರ ಪರೀಕ್ಷೆ ಮುಗಿಸಿದ ಸಮಾಧಾನ ಬಿಟ್ಟು ಬೇರೇನೂ ಆಗಿರಲಿಲ್ಲ. ಕೈಗೆ ವಿದ್ಯೆ ಬಂದಿತ್ತು, ಮನಸ್ಸು ಬಂದಿರಲಿಲ್ಲ. ಇದನ್ನು ಅಪ್ಪನಿಗೆ ಹೇಳುವುದು ಹೇಗೆ?

ಶೈಲಜಾ ಆ ವಾರಾಂತ್ಯ ನನ್ನನ್ನು ಕೊಚ್ಚಿಗೆ ಕರೆದೊಯ್ದಳು. ಎರ್ನಾಕುಲಂ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೆ ದೋಣಿ ಹತ್ತಿದೆವು. ಚುಕ್ಕಾಣಿ ಹಿಡಿಯುವವನಿಗೆ ಇಲ್ಲಿ 'ಸ್ರಾಂಕ್' ಎನ್ನುತ್ತಾರೆ. ಎಂಜಿನ್ ಅವನ ಕೈಯಲ್ಲಿರುವುದಿಲ್ಲ, ಕೆಳಗಿನ ಡ್ರೈವರ್ ಕೈಯಲ್ಲಿರುತ್ತದೆ. ಸ್ರಾಂಕ್ ಮೇಲಿನಿಂದ ಹಗ್ಗ ಎಳೆದು ಗಂಟೆ ಹೊಡೆಯುತ್ತಾನೆ. ಇಷ್ಟು ಗಂಟೆಗೆ ಮುಂದೆ, ಇಷ್ಟಕ್ಕೆ ಹಿಂದೆ, ಇಷ್ಟಕ್ಕೆ ನಿಲ್ಲಿಸು. ಒಬ್ಬರ ಮುಖ ಒಬ್ಬರು ನೋಡದೆ ಆ ಇಬ್ಬರು ಸೇರಿ ಅಷ್ಟು ದೊಡ್ಡ ದೋಣಿಯನ್ನು ಹಡಗುಗಳ ನಡುವೆ ನುಸುಳಿಸಿ, ಜೆಟ್ಟಿಗೆ ತಂದು, ಮಗುವನ್ನು ಮಲಗಿಸಿದಷ್ಟು ಮೆತ್ತಗೆ ಒರಗಿಸಿದರು. ನಾನು ಇಳಿಯಲೇ ಇಲ್ಲ. ಅದೇ ದೋಣಿಯಲ್ಲಿ ಹೋದೆ, ಬಂದೆ, ಮತ್ತೆ ಹೋದೆ. ಅಣ್ಣ ಹೇಳುತ್ತಿದ್ದ ಆ ಪುಳಕ ನನಗೆ ಅಲ್ಲಿ, ನೀರಿನ ಮೇಲೆ, ಮೂರನೆಯ ಸುತ್ತಿನಲ್ಲಿ ಬಂತು.

ತಿಂಗಳ ಕೊನೆಗೆ ಅಪ್ಪನಿಗೆ ಫೋನು ಮಾಡಿ ಹೇಳಿದೆ. ಹಾರುವುದು ಬಿಟ್ಟೆ, ದೋಣಿ ನಡೆಸುವುದು ಕಲಿಯುತ್ತೇನೆ ಎಂದೆ. ಅವರು, "ಮುಗಲು ಬಿಟ್ಟು ಕೆಸರಿಗೆ ಇಳದಿ" ಎಂದು ಫೋನಿಟ್ಟರು. ಅಲ್ಲಿಂದ ಎರಡು ವರ್ಷಕ್ಕೂ ಮೇಲೆ ಅಪ್ಪ ನನ್ನೊಡನೆ ಮಾತಾಡಲಿಲ್ಲ. ಅವ್ವ ಫೋನನ್ನು ಸ್ಪೀಕರಿಗೆ ಹಾಕಿ ಮಾತಾಡುತ್ತಿದ್ದಳು. ಹಿಂದೆ ಎಲ್ಲೋ ಅಪ್ಪ ಕೆಮ್ಮುವುದು ಕೇಳುತ್ತಿತ್ತು. ಆ ಕೆಮ್ಮಿಗಾಗಿ ನಾನು ಪ್ರತಿ ಭಾನುವಾರ ಕಾಯುತ್ತಿದ್ದೆ.

ಫೋರ್ಟ್ ಕೊಚ್ಚಿಯಲ್ಲಿ ಮನೆ ಹುಡುಕುವಾಗ ಇನ್ನೊಂದು ಬಿಸಿ ತಟ್ಟಿತು. ಬ್ಯಾಂಕಿನವರಿಗೆ, ಕಂಪನಿಯವರಿಗೆ ಬಾಗಿಲು ತೆರೆಯುವ ಮಾಲೀಕರು, ದೋಣಿಯಲ್ಲಿ ಹಗ್ಗ ಹಿಡಿಯುತ್ತೇನೆ ಎಂದರೆ ನನ್ನ ಹಿಂದೆ ಯಾರಾದರೂ ಗಂಡಸರಿದ್ದಾರೆಯೇ ಎಂದು ಇಣುಕುತ್ತಿದ್ದರು. ಕೊನೆಗೆ ಮೀನು ಮಾರುವ ಲೀಲಾ ಚೇಚ್ಚಿ ತನ್ನ ಮನೆಯ ಹಿಂದಿನ ಕೋಣೆ ಕೊಟ್ಟಳು. ಊರಿನಲ್ಲಿ ನಾನು ವಿಮಾನದವರ ಮಗಳು. ಹೆಸರು ಹೇಳುವ ಅಗತ್ಯವೇ ಇರಲಿಲ್ಲ. ಇಲ್ಲಿ ಯಾರ ಮಗಳೂ ಅಲ್ಲ, ಆದರೂ ಎದುರಾದ ಹಿರಿಯರೆಲ್ಲ 'ಮೋಳೇ', ಮಗಳೇ, ಎಂದೇ ಕರೆಯುತ್ತಿದ್ದರು. ಮೊದಮೊದಲು ಆ ಕರೆಗೆ ಓಗೊಡಲು ಹಿಂಜರಿಯುತ್ತಿದ್ದೆ. ಬರಬರುತ್ತ ಅಭ್ಯಾಸವಾಯಿತು.

ಸ್ರಾಂಕ್ ಆಗುವ ಮೊದಲು ಲಾಸ್ಕರ್ ಆಗಿ, ಅಂದರೆ ಹಗ್ಗ ಎಸೆದು ಕಟ್ಟುವವಳಾಗಿ, ದುಡಿಯಬೇಕು. ಒಬ್ಬ ಖಾಸಗಿ ಮಾಲೀಕರ ದೋಣಿಯಲ್ಲಿ ಸೇರಿದೆ. ಅಲ್ಲಿನ ಹಳೆಯ ಸ್ರಾಂಕ್‌ರನ್ನು ಎಲ್ಲರೂ 'ಆಶಾನ್', ಗುರುಗಳು, ಎನ್ನುತ್ತಿದ್ದರು. ಸಂಜೆ ಜನರನ್ನು ಇಳಿಸಿದ ಮೇಲೆ ಖಾಲಿ ದೋಣಿಯ ಚುಕ್ಕಾಣಿಯನ್ನು ಆಶಾನ್ ನನಗೆ ಕೊಡುವರು. ಮೊದಲ ಸಲ ವೈಪಿನ್ ಕಡೆಯ ಜೆಟ್ಟಿಗೆ ತರಬೇಕಿತ್ತು. ಸಮುದ್ರದ ಗಾಳಿ ಪಡುವಣದಿಂದ ಜೋರಾಗಿತ್ತು. ಹುಟ್ಟುಗುಣ ಸುಟ್ಟರೂ ಹೋಗದು. ನಾನು ಜೆಟ್ಟಿಯ ಬಾವುಟ ನೋಡಿ, ಗಾಳಿಗೆ ಎದುರಾಗಿ ದೋಣಿ ತಿರುಗಿಸಿದೆ. ನಮ್ಮ ಮನೆಯಲ್ಲಿ ಹಸುಗೂಸಿಗೂ ಗೊತ್ತು, ಇಳಿಯುವುದು ಗಾಳಿಗೆ ಎದುರಾಗಿ. ಗಾಳಿಯೇ ಹಿಡಿದು ನಿಲ್ಲಿಸುತ್ತದೆ.

ದೋಣಿ ನಿಲ್ಲಲಿಲ್ಲ. ಜೆಟ್ಟಿಗೆ ಕಟ್ಟಿದ್ದ ಟೈರುಗಳನ್ನು ಉಜ್ಜಿಕೊಂಡು, ಅಲ್ಲಿ ನಿಂತವರೆಲ್ಲ ಹಿಂದಕ್ಕೆ ಹಾರುವಂತೆ ಮಾಡಿ, ಜೆಟ್ಟಿ ದಾಟಿ ಮುಂದೆ ಹೋಗಿಬಿಟ್ಟಿತು. ಆಶಾನ್ ನುಗ್ಗಿ ಗಂಟೆ ಎಳೆದು ಹಿಮ್ಮುಖ ಮಾಡಿಸಿದರು. ನೀರು ಇಳಿಯುವ ಹೊತ್ತು ಅದು. ಹೊಳೆಯ ನೀರೆಲ್ಲ ಸಮುದ್ರದ ಕಡೆಗೆ, ನಾನು ಹೋಗುತ್ತಿದ್ದ ದಿಕ್ಕಿಗೇ ಓಡುತ್ತಿತ್ತು. ಬಯ್ಯುತ್ತಾರೆಂದುಕೊಂಡೆ. ಅವರು ಬೀಡಿ ಹಚ್ಚಿ, "ಮೇಲೋಟ್ಟಲ್ಲ ಮೋಳೇ, ತಾಳೋಟ್ಟು ನೋಕ್ಕ್" ಎಂದರು. ಮೇಲಕ್ಕಲ್ಲ, ಕೆಳಕ್ಕೆ ನೋಡು. ನೀರಿನ ಮೇಲೆ ತೇಲುವ ಅಂತರಗಂಗೆ ಕಳೆಯ ಹಿಂಡನ್ನು ತೋರಿಸಿದರು. ಇಲ್ಲಿ ಅದಕ್ಕೆ 'ಪಾಯಲ್' ಎನ್ನುತ್ತಾರೆ. ಪಾಯಲ್ ಎತ್ತ ಹೋಗುತ್ತದೋ ನೀರು ಅತ್ತ. ನೀನು ಅದಕ್ಕೆ ಎದುರಾಗಿ ಬರಬೇಕು, ಗಾಳಿ ಎತ್ತಲಿಂದಾದರೂ ಬೀಸಲಿ ಎಂದರು.

ಮೂರು ತಲೆಮಾರಿನ ಕಣ್ಣನ್ನು ಕೆಳಗೆ ಇಳಿಸಲು ನನಗೆ ಒಂದು ಮಳೆಗಾಲವೇ ಹಿಡಿಯಿತು. ದಿನವೂ ಕೆಲಸಕ್ಕೆ ಮೊದಲು ಜೆಟ್ಟಿಯನ್ನು ಈ ತುದಿಯಿಂದ ಆ ತುದಿಗೆ ನಡೆದು ನೋಡುತ್ತಿದ್ದೆ. ಹಲಗೆ ಸಡಿಲವಿದೆಯೇ, ಟೈರು ಹರಿದಿದೆಯೇ, ಪಾಯಲ್ ಎತ್ತ ಹೊರಟಿದೆ. ಬೇರೆ ಲಾಸ್ಕರುಗಳು ನಕ್ಕರು. ಆಮೇಲೆ ಒಂದು ದಿನ ಆಶಾನ್ ಕೂಡ ನನ್ನ ಹಿಂದೆ ನಡೆಯತೊಡಗಿದರು, ಮತ್ತೆ ಯಾರೂ ನಗಲಿಲ್ಲ.

ಪರೀಕ್ಷೆ ಪಾಸಾಯಿತು. ನನ್ನ ಹೆಸರಿನ ಸ್ರಾಂಕ್ ಲೈಸೆನ್ಸಿನ ಚಿತ್ರ ತೆಗೆದು ಅವ್ವನಿಗೆ ಕಳಿಸಿದೆ. ಲೀಲಾ ಚೇಚ್ಚಿ ಕಪ್ಪ, ಅಂದರೆ ಮರಗೆಣಸು, ಬೇಯಿಸಿ ಖಾರದ ಮೀನು ಸಾರಿನೊಂದಿಗೆ ಓಣಿಗೆಲ್ಲ ಹಂಚಿದಳು. ಮನೆಯಿಂದ ಮಾತ್ರ ಅವ್ವನ ದನಿಯಷ್ಟೇ ಬಂತು. ಎರಡು ವಾರದ ನಂತರ ಅವಳು ಫೋನು ಮಾಡಿ, "ನಿಮ್ಮಪ್ಪ ಊರಾಗಿಲ್ಲವಾ. ಎಲ್ಲಿಗ್ಹೋಗ್ಯಾರಂತ ನಾ ಹೇಳಂಗಿಲ್ಲ" ಎಂದು ನಕ್ಕಳು.

ಅದರ ಮರುದಿನ ಮಧ್ಯಾಹ್ನ, ವೈಪಿನ್ ಕಡೆಯ ಅದೇ ಜೆಟ್ಟಿ. ದೋಣಿ ತುಂಬ ಜನ, ಹಿಂದಿನ ಬೆಂಚಿನಲ್ಲಿ ಆಶಾನ್, ಚುಕ್ಕಾಣಿ ನನ್ನ ಕೈಯಲ್ಲಿ. ದೂರದಿಂದಲೇ ಕಂಡಿತು: ಒಬ್ಬ ಮನುಷ್ಯ ಕೈ ಹಿಂದೆ ಕಟ್ಟಿ, ತಲೆ ತಗ್ಗಿಸಿ, ಜೆಟ್ಟಿಯ ಉದ್ದಕ್ಕೂ ನಿಧಾನ ನಡೆಯುತ್ತಿದ್ದಾನೆ. ಒಂದು ಕಡೆ ನಿಂತು ಬೂಟಿನ ತುದಿಯಿಂದ ಏನನ್ನೋ ಬದಿಗೆ ತಳ್ಳಿದ. ಆ ನಡಿಗೆಯ ಹಿಂದೆ ನಾನು ಬಾಲ್ಯವಿಡೀ ನಡೆದಿದ್ದೇನೆ. ಕಣ್ಣು ಮಂಜಾಯಿತು, ಒರೆಸಿಕೊಂಡು ನೀರು ನೋಡಿದೆ. ಅವತ್ತೂ ಇಳಿತದ ಹೊತ್ತು, ಅವತ್ತೂ ಪಡುವಣ ಗಾಳಿ. ಸುತ್ತು ಹಾಕಿ ಪಾಯಲ್‌ಗೆ ಎದುರಾಗಿ, ಗಾಳಿಯನ್ನು ಬೆನ್ನಿಗೆ ಇಟ್ಟುಕೊಂಡು ಬಂದೆ.

ಅಪ್ಪ ತಲೆಯೆತ್ತಿದರು. ಬಾವುಟ ನೋಡಿದರು, ನನ್ನನ್ನು ನೋಡಿದರು, ಎರಡೂ ಕೈ ತಲೆಯ ಮೇಲೆತ್ತಿ ಜೋರಾಗಿ ಬೀಸಿದರು. ಇಳಿಸಬೇಡ, ಇನ್ನೊಂದು ಸುತ್ತು ಹೋಗು ಎಂದು. ಆ ಕೈಯ ಮಾತನ್ನು ನಾನು ಜೀವನದಲ್ಲಿ ಒಮ್ಮೆಯೂ ಮೀರಿರಲಿಲ್ಲ. ಅವತ್ತು ಮೀರಿದೆ. ಗಂಟೆ ಎಳೆದೆ, ಮತ್ತೆ ಎಳೆದೆ. ದೋಣಿ ನೀರಿನ ಎದೆಗೆ ಆತು ತಡೆದು, ಟೈರುಗಳಿಗೆ ಮೆತ್ತಗೆ ಒರಗಿ ನಿಂತಿತು. ಒಬ್ಬ ಅಜ್ಜಿ ಕೈಯಲ್ಲಿದ್ದ ಚಹಾ ಚೆಲ್ಲದೆ ಇಳಿದು ಹೋದಳು.

"ಹಿಂದಿನ ಗಾಳ್ಯಾಗ ಇಳಿಸಿದ್ಯಲ್ಲ" ಎಂದರು ಅಪ್ಪ. ಎರಡು ವರ್ಷದ ಮೇಲೆ ನನಗೆ ಆಡಿದ ಮೊದಲ ಮಾತು. "ನಾ ಕೈ ಮಾಡಿದ್ದು ಕಾಣಲಿಲ್ಲೇನು?"

"ಕಂಡಿತ್ತಪ್ಪ. ನೀವು ನೀರು ನೋಡ್ರಿ."

ಅವರು ಬಗ್ಗಿ ನೋಡಿದರು. ಪಾಯಲ್ ಹಿಂಡು ದೋಣಿಯ ಮೂತಿಗೆ ಬಡಿದು ಎರಡಾಗಿ ಸಮುದ್ರದ ಕಡೆಗೆ ಹೋಗುತ್ತಿತ್ತು. ಅಪ್ಪ ಅದನ್ನು ನೋಡುತ್ತಲೇ ನಿಂತರು. ಆಮೇಲೆ ದೋಣಿ ಹತ್ತಿ ನನ್ನ ಪಕ್ಕಕ್ಕೆ ಬಂದು ನಿಂತರು. ನಡುನೀರಿಗೆ ಬಂದಾಗ, ಹಡಗೊಂದು ದಾಟಿ ಹೋದ ಮೇಲೆ, ಹಳೆಯ ದನಿಯಲ್ಲಿ ಕೇಳಿದರು: "ಈಗ ಎಂಜಿನ್ ನಿಂತ್ರ ಎಲ್ಲಿ ಇಳಸ್ತಿ?"

"ಎಲ್ಲೂ ಇಳಸೂದಿಲ್ಲಪ್ಪ. ಲಂಗರ ಬಿಟ್ಟು ಇಲ್ಲೇ ನಿಲ್ತೀನಿ."

ಅಪ್ಪ ತಲೆಯಾಡಿಸಿದರು. ಹಿಂದೆ ಕೂತಿದ್ದ ಆಶಾನ್‌ರ ಕಡೆ ತಿರುಗಿ, ಅವರಿಗೆ ಕನ್ನಡ ಬಾರದೆಂದು ಗೊತ್ತಿದ್ದೂ, "ನನ್ನ ಮಗಳ್ರೀ" ಎಂದರು. ಆಶಾನ್ ನಕ್ಕು, ನನ್ನತ್ತ ಕೈ ತೋರಿಸಿ ತಮ್ಮ ಎದೆ ಮುಟ್ಟಿಕೊಂಡು, "ನಮ್ಮಡೆ ಮೋಳ್" ಎಂದರು. ನಮ್ಮ ಮಗಳು. ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿಕೊಂಡ ಹಾಗೆ ಕಂಡಿತು. ಅವತ್ತು ನಾನು ಹೊಡೆದ ಗಂಟೆ ಎರ್ನಾಕುಲಂವರೆಗೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ.

ಈಗ ವರ್ಷಕ್ಕೊಮ್ಮೆ ಸಿಂಧನೂರಿಗೆ ಹೋಗುತ್ತೇನೆ. ಅಪ್ಪನೊಡನೆ ತುಂಗಭದ್ರಾ ಕಾಲುವೆಯ ದಂಡೆಯಲ್ಲಿ ನಡೆಯುವಾಗ ನನ್ನ ಕಣ್ಣು ತೇಲುವ ಕಸ ಎತ್ತ ಹೋಗುತ್ತದೆಂದು ನೋಡುತ್ತಿರುತ್ತದೆ, ಅವರ ಕಣ್ಣು ಬಯಲಿನ ಮೇಲಿರುತ್ತದೆ. ಕೊಚ್ಚಿಗೆ ಹಿಂದಿರುಗುವ ರೈಲಿನಲ್ಲಿ ಕಿಟಕಿಯ ಪಕ್ಕ ಕೂತು, ಹಾದು ಹೋಗುವ ಹೊಲಗಳಲ್ಲಿ ಇಳಿಯುವ ಜಾಗ ಹುಡುಕುತ್ತೇನೆ. ಪಾಲಕ್ಕಾಡು ದಾಟಿ ತೆಂಗು ಮುಚ್ಚಿಕೊಂಡ ಮೇಲೆ ಜಾಗಗಳು ಸಿಗುವುದಿಲ್ಲ. ಆಗ ಹುಡುಕುವುದು ಬಿಟ್ಟು, ಸೇತುವೆ ಬಂದಾಗಲೆಲ್ಲ ಬಗ್ಗಿ ನೀರು ನೋಡುತ್ತೇನೆ.