ಲಕ್ಕವ್ವ ಮುಚ್ಚಿಟ್ಟ ಚೀಟಿಗಳು

ತನ್ನ ಕೂಸನ್ನು ಬಗಲಲ್ಲಿ ಎತ್ತಿಕೊಂಡು ಆಶಾ ಕಾರ್ಯಕರ್ತೆ ಸುನಂದಾ ಬಂದಾಗ, ಲಕ್ಕವ್ವ ಕಟ್ಟೆಯ ಮೇಲೆ ಬೆವೆತು ಕೂತಿದ್ದಳು. ಕೈ ನಡುಗುತ್ತಿತ್ತು. ಹೊಲಿಯುತ್ತಿದ್ದ ಕೌದಿ ಕೆಳಗೆ ಬಿದ್ದಿತ್ತು. ಎರಡು ವಾರದಲ್ಲಿ ಇದು ಮೂರನೇ ಸಲ. ಸುನಂದಾ ಒಳಹೋಗಿ ಬೆಲ್ಲದ ನೀರು ಕಲಸಿ ತಂದು ಕುಡಿಸಿದಳು.

ಮುಖಕ್ಕೆ ಕಳೆ ಬಂದ ಮೇಲೆ ಲಕ್ಕವ್ವ ಅಂದಳು: "ಸಾಕಾತವ್ವಾ ಈ ಸಕ್ಕರಿ ಬ್ಯಾನಿ ಗುಳಗಿ. ನಾಳಿಂದ ಎಲ್ಲಾ ತಿಪ್ಪಿಗಿ ಒಗಿತೇನಿ."

"ಒಗದ ಮ್ಯಾಲ ಕಣ್ಣು ಹೋದ್ರ ಸೂಜಿಗಿ ದಾರ ಯಾರು ಪೋಣಸ್ತಾರ, ಆಯಿ? ಮೊದಲ ಗುಳಗಿ ತಾ."

ಗುಳಿಗೆಯ ಜೊತೆ ಡಾಕ್ಟರ ಚೀಟಿ ಸುತ್ತಿಟ್ಟ ಮೂರು ಗಂಟುಗಳು ಬಂದವು. ಒಂದು ಊರ ಆರೋಗ್ಯ ಕೇಂದ್ರದ್ದು, ಒಂದು ಸಿಂದಗಿಯ ಖಾಸಗಿ ಡಾಕ್ಟರದ್ದು, ಒಂದು ಕಣ್ಣಿನ ಶಿಬಿರದ್ದು. ಸುನಂದಾ ಸಣ್ಣಕ್ಷರ ಓದಿದಳು. ಮೊದಲೆರಡರಲ್ಲಿ ಹೊದಿಕೆಯ ಬಣ್ಣ ಬೇರೆ, ಹೆಸರು ಬೇರೆ. ಒಳಗಿನ ಔಷಧ ಒಂದೇ. ಮುದುಕಿ ದಿನಾ ಎರಡೆರಡು ನುಂಗುತ್ತಿದ್ದಳು; ಸಕ್ಕರೆ ತೀರಾ ಇಳಿದು ಬೆವರುತ್ತಿದ್ದುದು ಅದಕ್ಕೇ.

"ಇಲ್ಲಿ ಡಾಕ್ಟರ್‌ಗೆ ಸಿಂದಗಿ ಚೀಟಿ ಯಾಕ ತೋರಸಲಿಲ್ಲ?"

"ಹುಚ್ಚಿ! ಒಬ್ಬ ಬೀಗರ ಮನಿ ಹೋಳಿಗಿ ಸುದ್ದಿ ಇನ್ನೊಬ್ಬ ಬೀಗರ ಮನ್ಯಾಗ ಆಡ್ತಾರೇನು? ಸಿಟ್ಟಾಗ್ತಾರ."

ಸುನಂದಾ ನಕ್ಕಳು, ಆದರೆ ನಗು ಪೂರ್ತಿ ಬರಲಿಲ್ಲ. ತನ್ನ ಚೀಲದಲ್ಲೂ ಸಕ್ಕರೆ ಕಾಯಿಲೆಗೆ ಒಂದು ರಿಜಿಸ್ಟರು, ಕಣ್ಣಿಗೆ ಇನ್ನೊಂದು. ಎರಡರಲ್ಲೂ ಲಕ್ಕವ್ವನ ಹೆಸರಿನ ಮುಂದೆ ಗುರುತು ಹಾಕಿದ್ದಳು. ಬೇರೆ ಎಲ್ಲಿಂದ ಗುಳಿಗೆ ತರುತ್ತೀ ಎಂದು ಒಮ್ಮೆಯೂ ಕೇಳಿರಲಿಲ್ಲ.

ಕೌದಿಗೆಂದಿದ್ದ ಹಳೆ ಸೀರೆಯ ತುಂಡು ಎತ್ತಿಕೊಂಡು ಮೂರೂ ಚೀಟಿಗೆ ಸಾಲಾಗಿ ಜೇಬು ಹೊಲಿಯತೊಡಗಿದಳು. ಲಕ್ಕವ್ವ ಸೂಜಿ ಕಸಿದುಕೊಂಡಳು. "ಬಿಡು, ನಿನ್ನ ಹೊಲಿಗಿ ಎರಡು ದಿನಾ ಬಾಳೂದಿಲ್ಲ. ನೀ ಕೂಸಿಗಿ ಹಾಲು ಕುಡಸು."

ಮರುದಿನ ಆರೋಗ್ಯ ಕೇಂದ್ರದಲ್ಲಿ ಡಾಕ್ಟರ್ ಶಿವಾನಿ ಆ ಜೇಬಿನ ಬಟ್ಟೆಯನ್ನು ಮೇಜಿನ ಮೇಲೆ ಬಿಡಿಸಿದರು. ಲಕ್ಕವ್ವ ಸಿಂದಗಿಯ ಚೀಟಿಯ ಮೇಲೆ ಮೆಲ್ಲಗೆ ಅಂಗೈ ಇಟ್ಟಳು.

"ಕೈ ತಗೀರಿ ಆಯಿ."

ಓದಿ, ಒಂದು ಗುಳಿಗೆ ನಿಲ್ಲಿಸಿ, ಅಲ್ಲಿಂದಲೇ ಸಿಂದಗಿಗೆ ಫೋನು ಮಾಡಿದರು. ಲಕ್ಕವ್ವ ಕೇಳಿದಳು: "ಬೈದ್ರೇನ್ರಿ?"

"ಇಲ್ರಿ. ಛಲೋ ಆತು ಹೇಳಿದ್ದು ಅಂದ್ರು."

ಹದಿನೈದು ದಿನ ಕಳೆದು ಸುನಂದಾ ಮತ್ತೆ ಹೋದಳು. ಲಕ್ಕವ್ವನಿಗೆ ಆಮೇಲೆ ಬೆವರು ಬಂದಿರಲಿಲ್ಲ. ಬಟ್ಟೆಯಲ್ಲಿ ನಾಲ್ಕನೆಯದೊಂದು ಖಾಲಿ ಜೇಬು ಕಂಡಿತು.

"ಇದು ಯಾರಿಗಿ, ಆಯಿ?"

"ಹಲ್ಲು ನೋಯಾಕತ್ತೈತಿ. ಇನ್ನೊಬ್ರು ಬೀಗರು ಆಗೂ ಹಂಗ ಅದಾರ."