ಕಥಾಸಾರದ ಕೊನೆಯ ಪ್ಯಾರಾ

ಬಿ.ಎ. ಮುಗಿಸಿದ ವರ್ಷ ನನಗೆ ಸಿಕ್ಕಿದ್ದು ಸಿನಿಮಾ ಹಂಚಿಕೆದಾರರೊಬ್ಬರ ಆಫೀಸಿನ ಕೆಲಸ. ಜಯನಗರದಲ್ಲಿ ಅವರ ಮನೆಯ ಮುಂದಿನ ಕೋಣೆಯೇ ಆಫೀಸು. ನೆಂಟರು ಕೇಳಿದರೆ ನಮ್ಮ ಮನೆಯಲ್ಲಿ ‘ಟೈಪಿಂಗ್ ಕೆಲಸ’ ಎನ್ನುತ್ತಿದ್ದರು.

ಥಿಯೇಟರಿನ ಬಾಗಿಲಲ್ಲಿ ಮಾರುವ ಹಾಡಿನ ಪುಸ್ತಕಕ್ಕೆ ಅಲ್ಲಿ ಚಿತ್ರಗಳ ಕಥಾಸಾರ ಬರೆಯುತ್ತಿದ್ದವರು ಒಬ್ಬ ನಿವೃತ್ತ ಮೇಷ್ಟ್ರು. ಕಣ್ಣಿಗೆ ಪೊರೆ ಬಂದಿದ್ದರಿಂದ ಅವರು ಹೇಳುವುದು, ನಾನು ಬರೆಯುವುದು. ಕಣ್ಣು ಹೋದರೂ ನೆನಪು ಗಟ್ಟಿ ಎಂಬ ಒಂದೇ ಕಾರಣಕ್ಕೆ ಯಜಮಾನರು ಅವರನ್ನು ಇಟ್ಟುಕೊಂಡಿದ್ದರು. ಅದು ನನಗೂ ಗೊತ್ತಿತ್ತು.

ಕಥೆಯನ್ನು ಮುಕ್ಕಾಲು ಪಾಲಿಗೆ ನಿಲ್ಲಿಸಿ, ಉಳಿದದ್ದನ್ನು ತೆರೆಯ ಮೇಲೆ ನೋಡಿ ಎಂದು ಮುಗಿಸುವುದು ಪದ್ಧತಿ. ನನಗೆ ಅದು ಅಗ್ಗವಾಗಿ ಕಾಣುತ್ತಿತ್ತು. ಕಾಲೇಜಿನಲ್ಲಿ ಸಾರಾಂಶವೆಂದರೆ ಪೂರ್ತಿ ಸಾರಾಂಶ. ಒಂದು ಚಿತ್ರಕ್ಕೆ, ಮೇಷ್ಟ್ರು ಹೇಳಿ ಮುಗಿಸಿ ಮನೆಗೆ ಹೋದ ಮೇಲೆ, ಕೊನೆಯಲ್ಲಿ ಒಂದು ಪ್ಯಾರಾ ನಾನೇ ಸೇರಿಸಿದೆ: ಊರಿಗೆ ಬಂದ ಸಾಧುವೇ ನಾಯಕಿಯ ತಂದೆ.

ಮರುದಿನ ಮೇಷ್ಟ್ರು, “ಎಲ್ಲಿ, ಒಂದ್ಸಲ ಓದಮ್ಮ, ಕೇಳೋಣ” ಎಂದರು. ಆ ಪ್ಯಾರಾ ಬಿಟ್ಟು ಓದಿದೆ.

“ಭೇಷ್. ಕಳಿಸು ಪ್ರೆಸ್ಸಿಗೆ.”

ಚಿತ್ರ ಬಿಡುಗಡೆಯಾದ ವಾರ, ಕತ್ರಿಗುಪ್ಪೆಯ ಕಡೆ ಟೆಂಟ್ ಸಿನಿಮಾ ನಡೆಸುತ್ತಿದ್ದವರು ಪುಸ್ತಕ ಹಿಡಿದುಕೊಂಡೇ ಬಂದರು.

“ಒಬ್ಬ ಓದ್ತಾನೆ ಸ್ವಾಮಿ, ಇಪ್ಪತ್ತು ಜನ ಕೇಳ್ತಾರೆ. ‘ಸಾಧುನೇ ಅಪ್ಪ ಅಂತೆ, ನಡೀರ್ಲಾ ಮನೆಗೆ’ ಅಂತ ಅರ್ಧ ಜನ ಹೋದ್ರು. ಒಳಗೆ ಕೂತೋರು, ಸಾಧು ಬಂದಾಗೆಲ್ಲ ‘ಮಾವ ಬಂದ್ರು, ಮಾವ ಬಂದ್ರು’ ಅಂತಾರೆ. ಅಳೋ ಸೀನಲ್ಲೂ ನಗು.”

ಯಜಮಾನರು ಕೊನೆಯ ಪ್ಯಾರಾವನ್ನು ಗಟ್ಟಿಯಾಗಿ ಓದಿದರು. “ಏನ್ ಮೇಷ್ಟ್ರೇ ಇದು?”

“ಇಷ್ಟು ನಾನು ಹೇಳಿಲ್ಲವಲ್ಲ.” ಮೇಷ್ಟ್ರು ನಾನು ಕೂರುವ ಕಡೆಗೆ ತಿರುಗಿದರು. “ಹೇಳಿದ್ನೇನಮ್ಮ?”

“ನೀವು ಹೇಳಿದ್ದನ್ನೇ ಬರೆದೆ ಸಾರ್” ಎಂದೆ. ತಡವರಿಸಲೂ ಇಲ್ಲ.

ಅವರು ನನ್ನನ್ನು ಅನುಮಾನಿಸಲಿಲ್ಲ, ತಮ್ಮನ್ನೇ ಅನುಮಾನಿಸಿಕೊಂಡರು. “ಹಾಗಾದ್ರೆ ಹೇಳಿರ್ತೀನಿ. ನೆನಪಾಗ್ತಿಲ್ಲ” ಎಂದು ಯಜಮಾನರಿಗೆ ಹೇಳಿದರು.

ಯಜಮಾನರು ಸಿಟ್ಟಾಗಲಿಲ್ಲ. “ಇನ್ನು ಮನೇಲಿ ಆರಾಮವಾಗಿರಿ ಮೇಷ್ಟ್ರೇ. ಇದನ್ನೆಲ್ಲ ಈಯಮ್ಮನೇ ನೋಡ್ಕೋತಾರೆ” ಎಂದರು.

ಮೆಟ್ಟಿಲು ಕಾಣುವುದಿಲ್ಲವೆಂದು ದಿನವೂ ಅವರನ್ನು ಗೇಟಿನವರೆಗೆ ಬಿಟ್ಟುಬರುತ್ತಿದ್ದವಳು ನಾನೇ. ಅಂದೂ ಹೋದೆ. ಗೇಟಿನ ಬಳಿ ಅವರು ನಿಂತರು.

“ಎಷ್ಟು ದಿನದಿಂದ ಹೀಗೆ ಮರೀತಿದೀನಮ್ಮ? ಜೊತೇಲೇ ಇದ್ಯಲ್ಲ, ಹೇಳಬಾರದಾಗಿತ್ತಾ?”

“ಇದೇ ಮೊದಲ ಸಲ ಸಾರ್.”

ಅವರ ಮುಖ ಸ್ವಲ್ಪ ಗೆಲುವಾಯಿತು. “ಸದ್ಯ. ಹೇಳಿ ಉಪಕಾರ ಮಾಡ್ದೆ” ಎಂದು, ಗೋಡೆ ಸವರುತ್ತಾ ಹೊರಟರು.