ನಾಯಕಿ ಕಾಣೆಯಾದ ಮಧ್ಯಾಹ್ನ

ಮೊನ್ನೆ ಸಂಜೆ ಮೊಮ್ಮಗಳು ಮಲ್ಲಿಗೆ ಮುಡಿದು ಟೀವಿ ಮುಂದೆ ಕೂತಳು. ಅಡುಗೆಮನೆಯಲ್ಲಿದ್ದ ನನಗೆ ಮೊದಲು ವಾಸನೆ ಬಂತು, ಆಮೇಲೆ ಅವಳ ದನಿ. ಮಲ್ಲಿಗೆ ಎಂದರೆ ಬೇರೆಯವರಿಗೆ ಮದುವೆಮನೆ ನೆನಪಾಗುತ್ತದೆ, ದೇವರಮನೆ ನೆನಪಾಗುತ್ತದೆ. ನನಗೆ ಹಾಲು ನೆನಪಾಗುತ್ತದೆ. ನಗಬೇಡಿ, ಹೇಳುತ್ತೇನೆ.

"ಅಜ್ಜೀ, ಬೇಗ ಬಾ! ಹಳೇಬೀಡಲ್ಲಿ ಶೂಟಿಂಗ್ ಮಧ್ಯೆ ಮಾಯ ಆಗಿದ್ಲಲ್ಲ, ಆ ಹೀರೋಯಿನ್ ಬಂದಿದಾಳೆ. ಅವತ್ತು ಎಲ್ಲಿ ಹೋಗಿದ್ಲು ಅಂತ ಇವತ್ತು ಕೇಳ್ತಾರಂತೆ!"

ಆ ಮಾಯದ ಕತೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ನಿಮಗೆ ಗೊತ್ತಿಲ್ಲದಿದ್ದರೆ ಇಷ್ಟೇ: ಹತ್ತು ಹನ್ನೆರಡು ವರ್ಷದ ಹಿಂದೆ ಗುಡಿಯ ಮುಂದೆ ಹಾಡಿಗೆ ಕುಣಿಯುತ್ತಿದ್ದ ನಾಯಕಿ ಊಟದ ಹೊತ್ತಿಗೆ ಕಾಣದಾದಳು. ಸಂಜೆ ತಾನಾಗಿಯೇ ಬಂದಳು. ಎಲ್ಲಿಗೆ ಹೋಗಿದ್ದೆ ಎಂದರೆ ಬಾಯಿ ಬಿಡಲಿಲ್ಲ. ಸಿನಿಮಾ ಪತ್ರಿಕೆಯವರು ಸುಮ್ಮನಿದ್ದಾರೆಯೇ? ಬಿಕ್ಕೋಡು ಕಡೆಯ ಎಸ್ಟೇಟ್ ಸಾಹುಕಾರನ ಜೀಪ್ ಹತ್ತಿದಳೆಂದು ಒಬ್ಬರು ಬರೆದರು, ವಿಷ ಕುಡಿದಿದ್ದಳೆಂದು ಇನ್ನೊಬ್ಬರು. ಬೇಲೂರು ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹೆಂಗಸಂತೂ, "ಗುಡಿ ಗೋಡೆ ಬೊಂಬೆ ಮೈಮೇಲೆ ಬಂದಿತ್ತಂತೆ ಕಣಕ್ಕ. ಸಂಜೆಗಂಟ ಕಲ್ಲಾಗಿ ಗೋಡೇಲೇ ನಿಂತಿದ್ಲಂತೆ, ಯಾರ್ಗೂ ಗುರ್ತೇ ಸಿಗ್ನಿಲ್ವಂತೆ," ಎಂದಳು.

"ಹಂಗಾ?" ಎಂದು ಕಿಟಕಿಯ ಕಡೆ ತಿರುಗಿದೆ. ಆ ಕಲ್ಲು ನನ್ನ ಚಾಪೆಯ ಮೇಲೆ ಗೊರಕೆ ಹೊಡೆದಿತ್ತು.

ಹೆಸರು ಕೇಳಬೇಡಿ. ನೀವು ಗುರುತು ಹಿಡಿಯದಂತೆ ಅಲ್ಲೊಂದು ಇಲ್ಲೊಂದು ಬದಲಿಸಿಯೇ ಬರೆಯುತ್ತಿದ್ದೇನೆ. ಶಾಲೆಗೆ ಹೆಚ್ಚು ಹೋಗದಿದ್ದರೂ ಅಷ್ಟು ಬುದ್ಧಿ ನನಗಿದೆ.

ನಮ್ಮದು ಆಗ ಊರಾಚೆ, ಕೆರೆ ಕಡೆಯ ಓಣಿಯಲ್ಲಿ ಹಂಚಿನ ಮನೆ. ಅಟ್ಟದ ತುಂಬ ತೆಂಗಿನಕಾಯಿ. ಅಟ್ಟಕ್ಕೆ ಹಾಕಿದ ಕಾಯನ್ನು ವರ್ಷದ ತನಕ ಮುಟ್ಟುವ ಹಾಗಿಲ್ಲ. ಒಳಗಿನ ನೀರು ಕತ್ತಲಲ್ಲಿ ತಾನೇ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗಬೇಕು. ಆಮೇಲೆ ಅರಸೀಕೆರೆಯ ಮಂಡಿಗೆ. ಅಟ್ಟದ ಮೇಲೆ ಇಲಿ ಓಡಿದರೆ ಕಾಯಿಗಳು ಲೊಟಲೊಟ ಎನ್ನುತ್ತಿದ್ದವು. ಬಿಸಿಲಿನಿಂದ ಒಳಗೆ ಬಂದವರಿಗೆ ಆ ಮನೆ ಬಾವಿಯೊಳಗೆ ಇಳಿದ ಹಾಗೆ ತಂಪು.

ಅವಳು ಬಂದದ್ದು ಹಿತ್ತಿಲ ಬಾಗಿಲಿಗೆ. ಮುಖದ ತುಂಬ ಬಣ್ಣ, ತಲೆಯ ಮೇಲೆ ತಗಡಿನ ಕಿರೀಟ, ಮೈ ಮುಚ್ಚಿ ಶಾಲು. ಸಿನಿಮಾ ನೋಡದ ನಾನು ಯಾವುದೋ ನಾಟಕದ ಕಂಪನಿಯವಳೆಂದುಕೊಂಡೆ. "ಅಮ್ಮಾ, ಸ್ವಲ್ಪ ಹೊತ್ತು ಕೂತ್ಕೊಳ್ಳಲಾ?" ಎಂದಳು. ಕೂತಳು. ಆಗ ಮಲ್ಲಿಗೆಯ ವಾಸನೆ ಬಂತು. ತಲೆಯಲ್ಲಿ ಒಂದು ಎಸಳು ಹೂವಿಲ್ಲ.

"ಮಗೀಗೆ ಎಷ್ಟು ತಿಂಗ್ಳು?" ಎಂದೆ.

"ಯಾವ ಮಗು?"

"ತಲೇಲಿ ಹೂವಿಲ್ಲ, ಕುಪ್ಪಸದೊಳ್ಗಿಂದ ಮಲ್ಲಿಗೆ ವಾಸ್ನೆ. ನಾನೂ ಹೆತ್ತೋಳೇ ಕಣವ್ವ."

ಎದೆಹಾಲು ಬತ್ತಿಸಲು ಮಲ್ಲಿಗೆ ಹೂ ಕಟ್ಟುವುದುಂಟು. ಕೂಸು ತೀರಿಹೋದವರಿಗೆ ಕಟ್ಟುತ್ತಾರೆ. ಅದಕ್ಕೇ ನೇರ ಕೇಳಿದೆ: "ಕೂಸು ಐತೋ, ಹೋಯ್ತೋ?"

"ಇದೆ," ಎಂದಳು. "ಅಕ್ಕನ ಮನೇಲಿ. ಎರಡು ತಿಂಗಳು."

ಅಪ್ಪ ಯಾರೆಂದು ನಾನು ಕೇಳಲಿಲ್ಲ. ಕೇಳಿ ನನಗೇನಾಗಬೇಕಿತ್ತು? ಉಳಿದದ್ದನ್ನು ಅವಳೇ ಹೇಳಿದಳು. ತಾನು ಸಿನಿಮಾದ ನಾಯಕಿ, ಮದುವೆಯಾಗಿಲ್ಲ. ಕೂಸಿನ ಸುದ್ದಿ ಹೊರಬಿದ್ದರೆ ನಾಳೆಯಿಂದ ಪಾತ್ರವಿಲ್ಲ, ಪಾತ್ರವಿಲ್ಲದಿದ್ದರೆ ಕೂಸಿಗೂ ಗತಿಯಿಲ್ಲ. ಕುಣಿಯುವಾಗ ಕುಪ್ಪಸ ಒದ್ದೆಯಾಯಿತೆಂದು ಜೊತೆಗೆ ಬಂದ ಚಿಕ್ಕಮ್ಮ ಹಿಂದಿನ ದಿನ ಹೂ ಕಟ್ಟಿದ್ದಳು. ಇನ್ನೊಂದು ವಾರ ಶೂಟಿಂಗ್, ಆಮೇಲೆ ಕೂಸಿನ ಹತ್ತಿರ ಹೋಗಬಹುದು.

"ಈಗ ಬಿಚ್ಚಿದ್ರೆ ಹಾಲು ಉಳಿಯುತ್ತಾ ಅಮ್ಮಾ?"

"ಬಿಚ್ಚಿ ಸುಮ್ನೆ ಕೂತ್ರೆ ಉಳಿಯಾಕಿಲ್ಲ. ಹೊತ್ತೊತ್ತಿಗೆ ಹಿಂಡ್ತಾ ಇರ್ಬೇಕು. ಹಸಾನೂ ಅಷ್ಟೇಯ, ಕರಾ ದೂರ ಇದ್ರೂ ಕರೀತಾ ಇದ್ರೆ ಕೊಡ್ತದೆ."

"ನನ್ನ ಹಸು ಮಾಡ್ಬಿಟ್ರಾ?" ಅಳುತ್ತಲೇ ನಕ್ಕಳು.

"ಹಸ ವಾಸಿ ಕಣವ್ವ. ಅದು ಯಾವ ಚಿಕ್ಕಮ್ಮಂಗೂ ಹೆದ್ರಾಕಿಲ್ಲ."

ಅವಳು ಗೋಡೆಯ ಕಡೆ ತಿರುಗಿ ತಾನೇ ಬಿಚ್ಚಿದಳು. ಬಾಡಿ ಕಂದಿದ ಹೂವಿನ ಮುದ್ದೆ ನನ್ನ ಕೈಗೆ ಬಂತು, ಬೆಚ್ಚಗಿತ್ತು. ತಿಪ್ಪೆಯಲ್ಲಿ ಹೂತು ಬಂದೆ. ಬಿಸಿನೀರಿನ ಬಟ್ಟೆ ಕೊಟ್ಟೆ, ಹಿಂಡುವುದು ಹೇಗೆಂದು ತೋರಿಸಿದೆ, ಹಾಲನ್ನು ತುಳಿಯದ ಕಡೆ, ಗಿಡದ ಬುಡಕ್ಕೆ ಚೆಲ್ಲಿದೆ. ಒಂದು ಚೊಂಬು ಅಂಬಲಿ ಕುಡಿದು ಚಾಪೆಯ ಮೇಲೆ ಉರುಳಿದವಳು, ಕಿರೀಟವನ್ನೂ ತೆಗೆಯದೆ ನಿದ್ದೆಹೋದಳು.

ಆ ನಿದ್ದೆಯನ್ನು ಹೇಗೆ ಹೇಳಲಿ? ಗಾಜಿನ ಹಂಚಿನಿಂದ ಒಂದು ಕೋಲು ಬಿಸಿಲು ಇಳಿದು ಅವಳ ಗೆಜ್ಜೆಯ ಮೇಲೆ ನಿಂತಿತ್ತು. ದೂರದಲ್ಲಿ ಶೂಟಿಂಗಿನ ಹಾಡು ಒಂದೇ ಸಾಲು ಕೇಳಿಸಿ ನಿಲ್ಲುತ್ತಿತ್ತು, ಮತ್ತೆ ಅದೇ ಸಾಲು. ಆಮೇಲೆ ಅದೂ ನಿಂತಿತು. ಅಟ್ಟದ ಮೇಲೆ ಕಾಯಿಗಳು ಮೆಲ್ಲಗೆ ಉರುಳಿದವು. ಬಿಸಿಲ ಕೋಲು ಗೆಜ್ಜೆಯಿಂದ ಮೊಣಕಾಲಿಗೆ, ಮೊಣಕಾಲಿನಿಂದ ಕೈಗೆ ಹತ್ತಿತು. ಊರು, ಗುಡಿ, ನನ್ನ ತೊಳೆಯದ ಪಾತ್ರೆ, ಎಲ್ಲ ಕೆರೆಯ ನೀರಿನೊಳಗೆ ಇಳಿದು ಕೂತಂತಿತ್ತು. ಹಗಲು ಸುಮ್ಮನೆ ಕೂರುವ ಅಭ್ಯಾಸ ನನಗಿಲ್ಲ. ಅವತ್ತು ಹೊಸ್ತಿಲ ಮೇಲೆ ಕೂತೇ ಇದ್ದೆ.

ಜೀಪಿನ ಸದ್ದಿಗೆ ನಾನು ಎಚ್ಚೆತ್ತೆ. ಇಬ್ಬರು ಗಂಡಸರು ಇಳಿದರು.

"ಅಮ್ಮಾ, ನಮ್ಮ ಹೀರೋಯಿನ್ ಈ ಕಡೆ ಬಂದ್ರಾ?"

"ನಾನ್ಯಾವ ಸಿನಿಮಾ ನೋಡೀನಿ, ಗುರ್ತು ಹಿಡಿಯಾಕೆ?"

"ಒಳಗ್ಯಾರೋ ಮಲಗಿದಾರೆ?" ಒಬ್ಬ ಕತ್ತು ಚಾಚಿದ.

"ಬಾಣಂತಿ ಅವ್ಳೆ. ಗಂಡಸ್ರು ಹೊಸ್ಲು ದಾಟಂಗಿಲ್ಲ."

ಕೆಂಡ ತುಳಿದವನ ಹಾಗೆ ಹಿಂದೆ ಸರಿದ. ಇನ್ನೊಬ್ಬ, "ಸಾರಿ ಅಮ್ಮಾ, ಏಳಿಸ್ಬೇಡಿ," ಎಂದು ಪಿಸುಗುಟ್ಟಿ ಚಪ್ಪಲಿಯ ಸದ್ದಾಗದಂತೆ ನಡೆದ. ನಿಜ ಹೇಳಿ ಜನರ ದಾರಿ ತಪ್ಪಿಸಿದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.

ಸಂಜೆ ಎದ್ದವಳು ಚಾಪೆ ಸುತ್ತಿಟ್ಟು, ಶಾಲು ಹೊದ್ದು, ಬಂದ ದಾರಿಯಲ್ಲೇ ಹೋದಳು. ಹಾಲು ಉಳಿಯಿತೋ ಬತ್ತಿತೋ, ನನಗೆ ತಿಳಿಯಲಿಲ್ಲ. ಯಾರಿಗೂ ಹೇಳಲೂ ಇಲ್ಲ.

ಕೈ ಒರೆಸಿಕೊಂಡು ಟೀವಿ ಮುಂದೆ ಬಂದೆ. ದಪ್ಪಗಾಗಿದ್ದಾಳೆ. ಪಕ್ಕದಲ್ಲಿ ಎತ್ತರದ ಹುಡುಗಿ. "ಅಕ್ಕನ ಮಗಳಂತೆ, ಇವಳೇ ಸಾಕಿರೋದು," ಎಂದಳು ಮೊಮ್ಮಗಳು. ಆ ಹುಡುಗಿ ಅಷ್ಟು ದೀಪಗಳ ಮುಂದೆ, ಮನೆಯಲ್ಲಿ ತಾವಿಬ್ಬರೇ ಇದ್ದ ಹಾಗೆ, ಅವಳ ಭುಜಕ್ಕೆ ಒರಗಿ ಕೂತಿದ್ದಳು. ಮಕ್ಕಳು ಯಾರಿಗೆ ಹಾಗೆ ಒರಗುತ್ತವೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

"ಇವತ್ತಾದ್ರೂ ಹೇಳ್ಬಿಡಿ ಮೇಡಂ," ಎಂದ ಕೇಳುವವನು. "ಆ ಮಧ್ಯಾಹ್ನ ಎಲ್ಲಿ ಹೋಗಿದ್ರಿ?"

ಅವಳು ನಕ್ಕಳು. "ತವರಿಗೆ," ಎಂದಳು.

"ಥೂ, ಸುಳ್ಳಿ!" ಮೊಮ್ಮಗಳು ತೊಡೆ ತಟ್ಟಿಕೊಂಡಳು. "ಇವಳು ಹುಟ್ಟಿದಾಗ್ಲೇ ತಾಯಿ ಸತ್ತೋಗಿದ್ದು, ಚಿಕ್ಕಮ್ಮ ಸಾಕಿದ್ದು. ಹಳೇಬೀಡಲ್ಲಿ ಎಲ್ಲಿಂದ ಬಂತಜ್ಜಿ ತವರು?"

ನಾನು ಹೆತ್ತದ್ದು ಎರಡೂ ಗಂಡು. ನನ್ನ ಮನೆ ಅವರಿಗೆ ಮನೆ, ಸೊಸೆಯರಿಗೆ ಅತ್ತೆಮನೆ. ಅದನ್ನು ತವರು ಎಂದವರು ಇದುವರೆಗೆ ಯಾರೂ ಇರಲಿಲ್ಲ.

"ಇರಬೌದು, ಸುಮ್ಕಿರೇ," ಎಂದೆ. "ಮಾತಾಡ್ಲಿ, ಕೇಳಾನ."

ಒಲೆಯ ಮೇಲೆ ಅನ್ನ ಸೀಯುತ್ತಿತ್ತು. ನಾನು ಏಳಲಿಲ್ಲ.